ಕ್ಯಾಪ್ಟನ್ ಮುಲ್ಲಾ ಹಡಗಿನ ಜೊತೆ ಮುಳುಗಿದರು, ಪ್ರಶ್ನೆಗಳೂ ಮುಳುಗಬೇಕಾ?

ಡಿಸೆಂಬರ್ 4 ನೌಕಾಪಡೆ ದಿನ. 1971ರ ಆ ರಾತ್ರಿ ನಮ್ಮ ಕ್ಷಿಪಣಿ ದೋಣಿಗಳು ಕರಾಚಿ ಬಂದರಿನ ಹೊರಗೆ ಪಾಕಿಸ್ತಾನದ ಹಡಗುಗಳನ್ನು ಹೊಡೆದವು. ಆ ದಾಳಿಯ ತಂಡವನ್ನು ಮುನ್ನಡೆಸಿದವರು ಕಮಾಂಡರ್ ಕಾಸರಗೋಡು ಪಟ್ಟಣಶೆಟ್ಟಿ ಗೋಪಾಲ ರಾವ್. ಹೆಸರಲ್ಲೇ ನಮ್ಮ ಗಡಿಯ ಊರು ಇದೆ. ಪ್ರತಿ ವರ್ಷ ಆ ದಿನ ಭಾಷಣ, ಪೋಸ್ಟು, ರೀಲ್ಸ್ ಎಲ್ಲ ಆಗುತ್ತೆ. ಆಗಬೇಕಾದ್ದೇ.

ಅಲ್ಲಿಂದ ಐದು ದಿನ ಮುಂದೆ ಹೋದರೆ ಡಿಸೆಂಬರ್ 9. ಅವತ್ತು ರಾತ್ರಿ ದಿಯು ಹತ್ತಿರದ ಅರಬ್ಬಿ ಸಮುದ್ರದಲ್ಲಿ ಐಎನ್‌ಎಸ್ ಖುಕ್ರಿ ಮುಳುಗಿತು. 18 ಅಧಿಕಾರಿಗಳು, 176 ನಾವಿಕರು ಸತ್ತರು. ಸ್ವತಂತ್ರ ಭಾರತ ಯುದ್ಧದಲ್ಲಿ ಕಳೆದುಕೊಂಡ ಒಂದೇ ಒಂದು ಯುದ್ಧನೌಕೆ ಅದು. ಅದರ ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ತಮ್ಮ ಲೈಫ್ ಜಾಕೆಟ್ ಅನ್ನು ಒಬ್ಬ ನಾವಿಕನಿಗೆ ಕೊಟ್ಟು, ಹಡಗು ಬಿಡದೆ ಅದರ ಜೊತೆಗೇ ಹೋದರು.

ಶಾಲೆಯಲ್ಲಿ, ವಾಟ್ಸಾಪ್‌ನಲ್ಲಿ ನಮಗೆ ಸಿಕ್ಕಿರುವುದು ಈ ಕೊನೆಯ ಸಾಲು ಮಾತ್ರ. ಆದರೆ ಮುಲ್ಲಾ ಬದುಕಿದ್ದು 45 ವರ್ಷ. ಅದರಲ್ಲಿ ಸುಮಾರು 26 ವರ್ಷ ನೌಕಾಪಡೆಯಲ್ಲಿ. ಹಡಗು ಮುಳುಗಿದ್ದು ಕೆಲವೇ ನಿಮಿಷಗಳಲ್ಲಿ. ಅಷ್ಟು ಉದ್ದದ ಬದುಕನ್ನು ಬಿಟ್ಟು ಆ ಕೆಲವು ನಿಮಿಷ ಮಾತ್ರ ನೆನಪಿಟ್ಟುಕೊಂಡರೆ ಯಾರಿಗೆ ಅನುಕೂಲ ಅನ್ನೋದನ್ನೂ ಒಮ್ಮೆ ಯೋಚಿಸಬೇಕು.

ಕಾನೂನಿನ ಮನೆಯಿಂದ ಕಡಲಿಗೆ

ಮುಲ್ಲಾ ಹುಟ್ಟಿದ್ದು 1926ರ ಮೇ 15ರಂದು, ಉತ್ತರ ಪ್ರದೇಶದ ಗೋರಖ್‌ಪುರದಲ್ಲಿ. ಕಾಶ್ಮೀರಿ ಪಂಡಿತ ಮನೆತನ. ಹೆಸರಿನ ಕೊನೆ ನೋಡಿ ಅನೇಕರು ಬೇರೆ ಏನೋ ಅಂದುಕೊಳ್ಳುತ್ತಾರೆ. ಹೆಸರು ನೋಡಿ ದೇಶಭಕ್ತಿ ಅಳೆಯೋ ಈ ಕಾಲದಲ್ಲಿ ಅಷ್ಟು ಹೇಳಿ ಮುಂದೆ ಹೋಗೋಣ.

ತಂದೆ ತೇಜ್ ನಾರಾಯಣ ಮುಲ್ಲಾ ನ್ಯಾಯಾಧೀಶರು. ಅದೇ ಮನೆತನದ ಆನಂದ ನಾರಾಯಣ ಮುಲ್ಲಾ ಅಲಹಾಬಾದ್ ಹೈಕೋರ್ಟ್ ನ್ಯಾಯಮೂರ್ತಿ, ಉರ್ದು ಕವಿ, ಆಮೇಲೆ ಪಕ್ಷೇತರರಾಗಿ ಗೆದ್ದ ಲೋಕಸಭಾ ಸದಸ್ಯ. ಪೊಲೀಸ್ ವ್ಯವಸ್ಥೆಯೇ ಕಾನೂನು ಮುರಿಯುವುದರ ಬಗ್ಗೆ ತೀರ್ಪೊಂದರಲ್ಲಿ ಅವರು ಎಷ್ಟು ಖಾರವಾಗಿ ಬರೆದಿದ್ದರೆಂದರೆ, ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಗಿ ಆ ಮಾತುಗಳನ್ನು ತೆಗೆಸಬೇಕಾಯಿತು. ಅಧಿಕಾರದಲ್ಲಿರುವವರನ್ನು ಪ್ರಶ್ನೆ ಕೇಳುವುದು ತಪ್ಪಲ್ಲ ಅನ್ನೋ ಗಾಳಿ ಇದ್ದ ಮನೆತನ ಅದು.

ಈ ಹುಡುಗ ವಕೀಲನಾಗಲಿಲ್ಲ. 1946ರ ಜನವರಿಯಲ್ಲಿ ಆಗಿನ ರಾಯಲ್ ಇಂಡಿಯನ್ ನೇವಿಗೆ ಕೆಡೆಟ್ ಆಗಿ ಸೇರಿದರು. ಮುಂದಿನ ತಿಂಗಳೇ, 1946ರ ಫೆಬ್ರವರಿಯಲ್ಲಿ, ಮುಂಬೈನ ನಾವಿಕರು ಬಂಡೆದ್ದರು. ಕೆಟ್ಟ ಊಟ, ಕಡಿಮೆ ಸಂಬಳ, ಬಿಳಿ ಅಧಿಕಾರಿಗಳ ಬೈಗುಳ ಅದರ ಕಾರಣಗಳಲ್ಲಿ ಕೆಲವು. ಅಧಿಕಾರಿ ಮತ್ತು ಕೆಳ ಡೆಕ್ಕಿನ ನಾವಿಕನ ನಡುವಿನ ನಂಬಿಕೆ ಪೂರ್ತಿ ಮುರಿದಿದ್ದ ಪಡೆಗೆ ಮುಲ್ಲಾ ಕಾಲಿಟ್ಟಿದ್ದರು. 1948ರ ಮೇ 1ರಂದು ಅಧಿಕಾರಿಯಾದಾಗ ದೇಶ ಸ್ವತಂತ್ರವಾಗಿತ್ತು. ಆ ನಂಬಿಕೆಯನ್ನು ಮೊದಲಿಂದ ಕಟ್ಟಬೇಕಿತ್ತು.

ಮನೆಯ ಕಾನೂನಿನ ಗುಣ ಮಾತ್ರ ಬಿಡಲಿಲ್ಲ. ಕೋರ್ಟ್ ಮಾರ್ಷಲ್ ಕಲಾಪಗಳಲ್ಲಿ ಅವರ ಕಾನೂನು ತಿಳುವಳಿಕೆಗೆ ಪಡೆಯಲ್ಲಿ ಹೆಸರಿತ್ತು.

ಎರಡನೇ ಅಧಿಕಾರಿಯ ಕೆಲಸ

ಕ್ಯಾಪ್ಟನ್ ಆಗುವ ಮೊದಲು ಮುಲ್ಲಾ ಐಎನ್‌ಎಸ್ ಕೃಷ್ಣಾ ಹಡಗಿನಲ್ಲಿ ಎಕ್ಸಿಕ್ಯುಟಿವ್ ಆಫೀಸರ್ ಆಗಿದ್ದರು. ಅಂದರೆ ಕ್ಯಾಪ್ಟನ್ ನಂತರದ ಎರಡನೇ ಸ್ಥಾನ. ಸಿನಿಮಾಗಳಲ್ಲಿ ಈ ಪಾತ್ರಕ್ಕೆ ಡೈಲಾಗ್ ಇರಲ್ಲ. ಹಡಗು ಉಳಿಯೋದು, ಮುಳುಗೋದು ಮಾತ್ರ ಬಹುಪಾಲು ಈ ಕುರ್ಚಿಯಲ್ಲೇ ತೀರ್ಮಾನವಾಗುತ್ತೆ.

ಯಾಕಂದ್ರೆ ಹಡಗಿನೊಳಗಿನ ದಿನನಿತ್ಯದ ಶಿಸ್ತು ಪೂರ್ತಿ ಈ ಅಧಿಕಾರಿಯ ಹೊಣೆ. ಬೆಂಕಿ ನಂದಿಸೋ ಪೈಪಿನಲ್ಲಿ ನೀರಿನ ಒತ್ತಡ ಇದೆಯಾ? ಲೈಫ್ ಜಾಕೆಟ್ ಎಲ್ಲರಿಗೂ ಸಾಕಷ್ಟಿದೆಯಾ? ತೇಲುತೆಪ್ಪಗಳ ಹಗ್ಗ ಒಂದೇ ಏಟಿಗೆ ಬಿಚ್ಚಿಕೊಳ್ಳುತ್ತಾ, ಇಲ್ಲಾ ಬಣ್ಣ ಬಳಿದು ಬಳಿದು ಅಂಟಿಕೊಂಡಿದೆಯಾ? ನೀರು ನುಗ್ಗಿದರೆ ಯಾವ ಬಾಗಿಲು ಯಾರು ಮುಚ್ಚಬೇಕು? ಕರೆಂಟು ಹೋದ ಕತ್ತಲಲ್ಲಿ, ಹಡಗು ವಾಲಿರುವಾಗ, ಕೆಳಗಿನ ಮೆಸ್‌ನಿಂದ ಏಣಿ ಹತ್ತಿ ಮೇಲೆ ಬರೋಕೆ ಎಷ್ಟು ಹೊತ್ತು ಬೇಕು?

ಹಡಗಿನ ಒಡಲು ಒಂದೇ ಹಾಲ್ ಅಲ್ಲ. ನೀರು ಹೋಗದ ಗೋಡೆಗಳಿಂದ ಅದನ್ನು ಕೋಣೆ ಕೋಣೆ ಮಾಡಿರುತ್ತಾರೆ. ಒಂದು ಕೋಣೆಗೆ ನೀರು ನುಗ್ಗಿದರೂ ಪಕ್ಕದ ಕೋಣೆಗಳು ಹಡಗನ್ನು ತೇಲಿಸುತ್ತವೆ. ಆದರೆ ಬಾಗಿಲು ಮುಚ್ಚಿದ್ದರೆ ಮಾತ್ರ. ಮುಚ್ಚಿದ ಬಾಗಿಲು ಹಡಗನ್ನು ಉಳಿಸುತ್ತೆ, ಅದೇ ಬಾಗಿಲು ಒಳಗಿದ್ದವನ ದಾರಿಯನ್ನೂ ಕಟ್ಟುತ್ತೆ. ಈ ಲೆಕ್ಕವನ್ನು ಆಪತ್ತು ಬಂದ ಮೇಲೆ ಮಾಡೋಕಾಗಲ್ಲ. ಶಾಂತವಾಗಿರುವ ದಿನಗಳಲ್ಲಿ, ಬೇಜಾರು ಬರುವಷ್ಟು ಸಲ ಡ್ರಿಲ್ ಮಾಡಿಯೇ ಕೈಗೆ ಕೂರಿಸಿಕೊಳ್ಳಬೇಕು. ಭದ್ರಾವತಿಯ ಉಕ್ಕಿನ ಕಾರ್ಖಾನೆಯಲ್ಲಿ ಶಿಫ್ಟ್ ಮಾಡಿದವರ ಮನೆಯಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಾದ ಲೋಹದ ಪಕ್ಕ ನಿಂತವನಿಗೆ ಗೋಡೆ ಮೇಲಿನ ಬೋರ್ಡಿಗಿಂತ ಮೇಸ್ತ್ರಿಯ ಕಣ್ಣು ಮುಖ್ಯ.

1965ರಿಂದ 1967ರವರೆಗೆ ಮುಲ್ಲಾ ಲಂಡನ್ನಿನ ಭಾರತೀಯ ಹೈಕಮಿಷನ್‌ನಲ್ಲಿ ನೌಕಾ ಸಲಹಾ ವಿಭಾಗದಲ್ಲಿದ್ದರು. ವಾಪಸ್ ಬಂದು ಐಎನ್‌ಎಸ್ ರಾಣಾ ಎಂಬ ಡಿಸ್ಟ್ರಾಯರ್‌ನ ಕ್ಯಾಪ್ಟನ್ ಆದರು. 1971ರ ಫೆಬ್ರವರಿಯಲ್ಲಿ ಖುಕ್ರಿಗೆ ಬಂದರು. ಖುಕ್ರಿ ಜೊತೆಗೆ 14ನೇ ಫ್ರಿಗೇಟ್ ಸ್ಕ್ವಾಡ್ರನ್ನಿನ ಹೊಣೆಯೂ ಅವರದ್ದೇ. ಒಂದು ಹಡಗಿನ ಜೀವಗಳನ್ನೂ ನೋಡಬೇಕು, ಇಡೀ ಸ್ಕ್ವಾಡ್ರನ್ನಿಗೆ ಕೊಟ್ಟ ಕೆಲಸವನ್ನೂ ಮುಗಿಸಬೇಕು. ಇವೆರಡೂ ಎದುರುಬದುರು ನಿಂತರೆ ಯಾವುದು ಮೊದಲು?

ಅಗ್ಗದ ಹಡಗು, ಹೊಸ ಶತ್ರು

ಖುಕ್ರಿ, ಕೃಪಾಣ್, ಕುಠಾರ್ ಮೂರೂ ಬ್ರಿಟನ್ನಿನಲ್ಲಿ ಕಟ್ಟಿದ ಬ್ಲ್ಯಾಕ್‌ವುಡ್ ವರ್ಗದ ಫ್ರಿಗೇಟ್‌ಗಳು. ಖುಕ್ರಿ ಸೇವೆಗೆ ಬಂದಿದ್ದು 1958ರಲ್ಲಿ. ಕಡಿಮೆ ಖರ್ಚಿನಲ್ಲಿ ಬೇಗ ಬೇಗ ಜಾಸ್ತಿ ಹಡಗು ಬೇಕು ಅಂತ ಬ್ರಿಟಿಷರು ಮಾಡಿದ ವಿನ್ಯಾಸ ಅದು. ಒಂದೇ ಪ್ರೊಪೆಲ್ಲರ್. ಹಗುರ ಮೈ. ಜಲಾಂತರ್ಗಾಮಿಯನ್ನು ಹುಡುಕಿ ಹೊಡೆಯೋದೇ ಅದರ ಕೆಲಸ, ಆದರೆ ಅದು ಹುಟ್ಟಿದ್ದು ಹಳೆಯ ಕಾಲದ ಜಲಾಂತರ್ಗಾಮಿಗಳನ್ನು ಮನಸ್ಸಲ್ಲಿಟ್ಟುಕೊಂಡು.

ಎದುರಿಗೆ ಬಂದಿದ್ದು ಪಾಕಿಸ್ತಾನದ ಹಂಗೋರ್. ಫ್ರಾನ್ಸ್‌ನ ಡಾಫ್ನೆ ವರ್ಗದ ಹೊಸ ಜಲಾಂತರ್ಗಾಮಿ, ಆಗ ಅದಕ್ಕೆ ಎರಡೇ ವರ್ಷ ವಯಸ್ಸು. ಕಮಾಂಡರ್ ಅಹ್ಮದ್ ತಸ್ನೀಮ್ ಅದರ ನಾಯಕ. ಅದರ ಕಿವಿ ಖುಕ್ರಿಯ ಕಿವಿಗಿಂತ ತುಂಬಾ ದೂರದ್ದನ್ನು ಕೇಳುತ್ತಿತ್ತು. ಅಂದರೆ ಬೇಟೆಗಾರನಿಗೆ ಬೇಟೆ ಕಾಣೋ ಮೊದಲೇ ಬೇಟೆಗೆ ಬೇಟೆಗಾರ ಕಾಣುತ್ತಿದ್ದ.

ಹಂಗೋರ್ ಸೌರಾಷ್ಟ್ರ ಕರಾವಳಿಯ ಆಚೆ ಇದೆ ಅನ್ನೋದು ಅದರ ರೇಡಿಯೋ ಸಂಕೇತಗಳಿಂದ ನಮ್ಮವರಿಗೆ ಗೊತ್ತಾಯಿತು. ಅದನ್ನು ಹುಡುಕಲು 14ನೇ ಸ್ಕ್ವಾಡ್ರನ್ನಿಗೆ ಆದೇಶ ಬಂತು. ಅಷ್ಟರಲ್ಲಿ ಕುಠಾರ್‌ನ ಬಾಯ್ಲರ್ ಕೋಣೆಯಲ್ಲಿ ಸ್ಫೋಟವಾಗಿ ಅದನ್ನು ಮುಂಬೈಗೆ ಎಳೆದು ತರಬೇಕಾಗಿತ್ತು. ಮೂರು ಹಡಗಿನ ಕೆಲಸಕ್ಕೆ ಹೋಗಿದ್ದು ಖುಕ್ರಿ ಮತ್ತು ಕೃಪಾಣ್, ಎರಡೇ. ತಮ್ಮ ಹಡಗಿನ ಸೋನಾರ್ ಮಿತಿ ಏನು ಅಂತ ಗೊತ್ತಿದ್ದೂ ಮುಲ್ಲಾ ಹೊರಟರು. ಯುದ್ಧದಲ್ಲಿ ಆದೇಶ ಬಂದ ಮೇಲೆ ಹೊರಡದೇ ಇರೋ ಆಯ್ಕೆ ಇರಲ್ಲ.

ನಿಧಾನ ಹೋದದ್ದು ಯಾಕೆ?

ಖುಕ್ರಿಯ ಬಗ್ಗೆ ಇವತ್ತಿಗೂ ನಡೆಯೋ ದೊಡ್ಡ ವಾದ ಅದರ ವೇಗದ ಬಗ್ಗೆ. ಜಲಾಂತರ್ಗಾಮಿ ಇದೆ ಅಂತ ಗೊತ್ತಿರುವ ಜಾಗದಲ್ಲಿ ಹಡಗು ಜೋರಾಗಿ, ಅಂಕುಡೊಂಕಾಗಿ ಹೋಗಬೇಕು. ಹಾಗೆ ಹೋದರೆ ಟಾರ್ಪಿಡೋ ಗುರಿ ಹಿಡಿಯೋದು ಕಷ್ಟ. ಖುಕ್ರಿ ನಿಧಾನವಾಗಿ ಹೋಗುತ್ತಿತ್ತು.

ಕಾರಣ ಎಂಜಿನಿಯರಿಂಗ್‌ನದ್ದು. ಸೋನಾರ್ ನೀರಿನೊಳಗೆ ಶಬ್ದ ಕಳಿಸಿ ಅದರ ಪ್ರತಿಧ್ವನಿ ಕೇಳುತ್ತೆ. ಹಡಗು ವೇಗವಾಗಿ ಹೋದಷ್ಟೂ ತನ್ನದೇ ಎಂಜಿನ್, ಪ್ರೊಪೆಲ್ಲರ್, ಮೈಗೆ ಬಡಿಯೋ ನೀರಿನ ಗದ್ದಲ ಜಾಸ್ತಿಯಾಗಿ ಆ ಸಣ್ಣ ಪ್ರತಿಧ್ವನಿ ಮುಚ್ಚಿಹೋಗುತ್ತೆ. ಜಾತ್ರೆಯಲ್ಲಿ ನಿಂತು ಪಿಸುಮಾತು ಕೇಳಿದ ಹಾಗೆ. ಅದರ ಮೇಲೆ ಅರಬ್ಬಿ ಸಮುದ್ರದ ನೀರು ಮೇಲೆ ಬೆಚ್ಚಗೆ, ಕೆಳಗೆ ತಣ್ಣಗೆ. ಈ ಪದರಗಳಲ್ಲಿ ಶಬ್ದ ಬಾಗುತ್ತೆ, ಜಲಾಂತರ್ಗಾಮಿಗೆ ಅದು ಬಚ್ಚಿಟ್ಟುಕೊಳ್ಳೋ ಜಾಗ. ಹಳೆಯ ಸೋನಾರ್‌ನಿಂದಲೇ ಹೆಚ್ಚು ದೂರ ಕೇಳಿಸಿಕೊಳ್ಳೋಕೆ ಒಬ್ಬ ಯುವ ಅಧಿಕಾರಿ ಸುಧಾರಣೆಯೊಂದನ್ನು ಸಿದ್ಧ ಮಾಡಿದ್ದರು. ಅದರ ಪ್ರಯೋಗ ಖುಕ್ರಿಯಲ್ಲಿ ನಡೆಯುತ್ತಿತ್ತು. ಅದಕ್ಕೆ ನಿಧಾನ ವೇಗ ಬೇಕಿತ್ತು. ಆ ಯುವ ಅಧಿಕಾರಿಯೂ ಅವತ್ತು ರಾತ್ರಿ ಹಡಗಿನಲ್ಲಿದ್ದರು, ವಾಪಸ್ ಬರಲಿಲ್ಲ.

ಹಾಗಾದರೆ ತಪ್ಪು ಮುಲ್ಲಾ ಅವರದ್ದಾ? ಜೋರಾಗಿ ಹೋದರೆ ಹಡಗಿಗೆ ಸ್ವಲ್ಪ ರಕ್ಷಣೆ, ಆದರೆ ಕಿವುಡು. ನಿಧಾನ ಹೋದರೆ ಸ್ವಲ್ಪ ಜಾಸ್ತಿ ಕೇಳುತ್ತೆ, ಆದರೆ ಸುಲಭದ ಗುರಿ. ಹುಡುಕೋಕೆ ಅಂತಲೇ ಕಳಿಸಿದ ಹಡಗಿನ ಕ್ಯಾಪ್ಟನ್ ಕೇಳಿಸಿಕೊಳ್ಳೋದನ್ನು ಆರಿಸಿಕೊಂಡರು. ಆ ನಿರ್ಧಾರ ಅವರದ್ದೇ, ಅದರ ಫಲವೂ ಅವರ ಲೆಕ್ಕಕ್ಕೇ. ಅದನ್ನು ಮರೆಮಾಚುವುದು ಅವರಿಗೆ ಮಾಡೋ ಗೌರವ ಅಲ್ಲ. ಆದರೆ ಎರಡು ಕೆಟ್ಟ ದಾರಿಗಳ ನಡುವೆ ಒಂದನ್ನು ಆರಿಸೋ ಸ್ಥಿತಿಗೆ ಅವರನ್ನು ತಂದು ನಿಲ್ಲಿಸಿದ್ದು ಯಾರು? ಶತ್ರು ಹೊಸ ಜಲಾಂತರ್ಗಾಮಿಗಳನ್ನು ಕೊಳ್ಳುತ್ತಿದ್ದಾನೆ ಅನ್ನೋದು ಗುಟ್ಟಾಗಿರಲಿಲ್ಲ. 1960ರ ದಶಕದ ಉದ್ದಕ್ಕೂ ನಮ್ಮ ರಕ್ಷಣಾ ಹಣದಲ್ಲಿ ನೌಕಾಪಡೆಗೆ ಸಿಗುತ್ತಿದ್ದದ್ದು ಎಲ್ಲರಿಗಿಂತ ಸಣ್ಣ ಪಾಲು. ಆ ಲೆಕ್ಕ ಹಾಕಿದ ಫೈಲುಗಳ ಮೇಲೆ ಸಹಿ ಮಾಡಿದವರು ಯಾರೂ ಅವತ್ತು ರಾತ್ರಿ ಖುಕ್ರಿಯಲ್ಲಿರಲಿಲ್ಲ.

ಆ ರಾತ್ರಿ

ರಾತ್ರಿ ಸುಮಾರು ಮುಕ್ಕಾಲು ಒಂಬತ್ತು ಗಂಟೆ. ಹಡಗಿನಲ್ಲಿ ಆಕಾಶವಾಣಿಯ ವಾರ್ತೆ ಬರುತ್ತಿತ್ತು. ಯುದ್ಧದ ಸುದ್ದಿ ಕೇಳೋಕೆ ಕೆಲಸ ಇಲ್ಲದವರು ಕೆಳಗಿನ ಮೆಸ್‌ಗಳಲ್ಲಿ ಸೇರಿದ್ದರು.

ಹಂಗೋರ್ ಮೊದಲ ಟಾರ್ಪಿಡೋ ಬಿಟ್ಟಿದ್ದು ಕೃಪಾಣ್ ಮೇಲೆ. ಅದು ಸಿಡಿಯಲಿಲ್ಲ. ಎರಡನೆಯದು ಖುಕ್ರಿಗೆ. ಅದು ಮದ್ದುಗುಂಡಿನ ಕೋಣೆಯ ಕೆಳಗೆ ಸಿಡಿಯಿತು. ದೀಪ ಹೋಯಿತು, ಹಡಗು ವಾಲಿತು, ಕೆಳಗಿದ್ದವರಿಗೆ ಏಣಿ ಸಿಗೋಕೆ ಮೊದಲೇ ನೀರು ಬಂತು. ಬಾಗಿಲುಗಳಲ್ಲಿ ನೂಕುನುಗ್ಗಲು.

ಬ್ರಿಡ್ಜ್ ಮೇಲಿದ್ದ ಮುಲ್ಲಾ ಮಾಡಿದ್ದು ಏನೇನು? ಹಡಗು ಉಳಿಯಲ್ಲ ಅನ್ನೋದನ್ನು ತಕ್ಷಣ ಒಪ್ಪಿಕೊಂಡು ಹಡಗು ಬಿಡುವ ಆದೇಶ ಕೊಟ್ಟರು. ಇದು ಕೇಳೋಕೆ ಸುಲಭ, ಮಾಡೋಕೆ ಅಲ್ಲ. ಜಗತ್ತಿನ ಎಷ್ಟೋ ಹಡಗು ದುರಂತಗಳಲ್ಲಿ ಜನ ಸತ್ತಿದ್ದು ಕ್ಯಾಪ್ಟನ್ ಈ ಆದೇಶವನ್ನು ಮುಂದೂಡಿದ್ದಕ್ಕೆ. ಆಮೇಲೆ ದೋಣಿ, ತೇಲುತೆಪ್ಪಗಳನ್ನು ನೀರಿಗಿಳಿಸಲು ತಮ್ಮ ಎರಡನೇ ಅಧಿಕಾರಿಗೆ ಹೇಳಿದರು. ಹತ್ತಿರವಿದ್ದವರನ್ನು ನೀರಿಗೆ ಹಾರಲು ಒತ್ತಾಯಿಸಿದರು. ಹಿಂಜರಿದವರನ್ನು ತಳ್ಳಿದರು. ತಮ್ಮ ಲೈಫ್ ಜಾಕೆಟ್ ಬಿಚ್ಚಿಕೊಟ್ಟರು. ಇನ್ನೂ ಯಾರಾದರೂ ಸಿಗುತ್ತಾರಾ ಅಂತ ವಾಪಸ್ ಬ್ರಿಡ್ಜ್ ಕಡೆ ಹೋದರು. ನೀರಿನಿಂದ ತಿರುಗಿ ನೋಡಿದವರಿಗೆ ಅವರು ಕೊನೆಯದಾಗಿ ಕಂಡಿದ್ದು ಅಲ್ಲೇ.

ಇಷ್ಟೂ ನಡೆದಿದ್ದು ಎರಡು ಮೂರು ನಿಮಿಷದಲ್ಲಿ. ಇಲ್ಲಿ ತ್ಯಾಗಕ್ಕಿಂತ ಮೊದಲು ಕಾಣಬೇಕಾದದ್ದು ಕೆಲಸದ ಕ್ರಮ. ನಿರ್ಧಾರ, ಆದೇಶ, ಹಂಚಿಕೆ, ಜನರನ್ನು ಹೊರಗೆ ಕಳಿಸೋದು, ಮತ್ತೊಮ್ಮೆ ಹುಡುಕೋದು. 25 ವರ್ಷ ಕಲಿತ ಕಸುಬನ್ನು ಆ ಮನುಷ್ಯ ಎರಡು ನಿಮಿಷದಲ್ಲಿ ಸಾಲಾಗಿ ಮಾಡಿ ಮುಗಿಸಿದರು. ಸತ್ತಿದ್ದು ಆ ಕೆಲಸದ ಕೊನೆಯಲ್ಲಿ. ಸಾಯೋದೇ ಕೆಲಸವಾಗಿರಲಿಲ್ಲ.

ಕೃಪಾಣ್ ಮೇಲೂ ಮತ್ತೊಂದು ಟಾರ್ಪಿಡೋ ಬಂತು. ಅದು ಆ ಜಾಗದಿಂದ ದೂರ ಸರಿಯಿತು. ನೀರಿನಲ್ಲಿದ್ದವರನ್ನು ಬಿಟ್ಟು ಹೋಗಿದ್ದು ಸರಿಯಾ ಅನ್ನೋ ಪ್ರಶ್ನೆ ಅವತ್ತಿಂದಲೂ ಇದೆ. ಜಲಾಂತರ್ಗಾಮಿ ಕಾಯುತ್ತಿರುವಾಗ ನಿಂತು ಜನರನ್ನು ಎತ್ತುವ ಹಡಗು ಎರಡನೇ ಖುಕ್ರಿ ಆಗುತ್ತಿತ್ತು ಅನ್ನೋದು ಇನ್ನೊಂದು ಕಡೆಯ ಮಾತು. ಮರುದಿನ ಬೆಳಿಗ್ಗೆ ಐಎನ್‌ಎಸ್ ಕಚ್ಚಲ್ ಮತ್ತು ಕೃಪಾಣ್ ಬಂದು ಬದುಕಿದ್ದವರನ್ನು ಎತ್ತಿಕೊಂಡವು. 6 ಅಧಿಕಾರಿಗಳು, 61 ನಾವಿಕರು. ಒಟ್ಟು 67.

ಪದಕ ಕೊಟ್ಟು ಮುಗಿಸೋದು

ಮುಲ್ಲಾ ಅವರಿಗೆ ಮರಣೋತ್ತರ ಮಹಾವೀರ ಚಕ್ರ ಬಂತು. ದಿಯುನಲ್ಲಿ ಕಡಲಿಗೆ ಮುಖ ಮಾಡಿದ ಗುಡ್ಡದ ಮೇಲೆ ಗಾಜಿನ ಮನೆಯೊಳಗೆ ಖುಕ್ರಿಯ ಮಾದರಿ ಇಟ್ಟ ಸ್ಮಾರಕ ಆಯಿತು. ಆದರೆ ಅದು ಉದ್ಘಾಟನೆಯಾಗಿದ್ದು 1999ರ ಡಿಸೆಂಬರ್‌ನಲ್ಲಿ, 28 ವರ್ಷ ಆದ ಮೇಲೆ. ಖುಕ್ರಿ ಹೆಸರಿನ ಇನ್ನೊಂದು ಹಡಗು 1989ರಲ್ಲಿ ಪಡೆಗೆ ಸೇರಿತು, 2021ರಲ್ಲಿ ನಿವೃತ್ತಿಯಾಗಿ ಈಗ ಅದೂ ದಿಯುಗೇ ಬಂದಿದೆ.

ಕ್ಯಾಪ್ಟನ್ ಹಡಗಿನ ಜೊತೆ ಸಾಯಬೇಕು ಅಂತ ಯಾವ ಕಾನೂನೂ ಹೇಳಲ್ಲ. ಕೊನೆಯವರೆಗೂ ಜನರನ್ನು ಉಳಿಸೋ ಹೊಣೆ ಬಿಡಬಾರದು ಅನ್ನೋದಷ್ಟೇ ಕಟ್ಟುಪಾಡು. ಅದನ್ನು ಬಿಟ್ಟವರೂ ಇದ್ದಾರೆ. 2012ರಲ್ಲಿ ಇಟಲಿಯ ಕೋಸ್ಟಾ ಕಾಂಕಾರ್ಡಿಯಾ ಹಡಗಿನ ಕ್ಯಾಪ್ಟನ್ ಪ್ರಯಾಣಿಕರಿಗಿಂತ ಮೊದಲು ದಡ ಸೇರಿದ. 32 ಜನ ಸತ್ತರು, ಅವನಿಗೆ 16 ವರ್ಷ ಜೈಲಾಯಿತು. 2014ರಲ್ಲಿ ದಕ್ಷಿಣ ಕೊರಿಯಾದ ಸೆವೋಲ್ ಮುಳುಗಿದಾಗ ಒಳಗೇ ಕೂತಿರಿ ಅಂತ ಮಕ್ಕಳಿಗೆ ಹೇಳಿ ಕ್ಯಾಪ್ಟನ್ ಹೊರಬಿದ್ದ. 304 ಜನ ಸತ್ತರು, ಬಹುಪಾಲು ಶಾಲಾ ಮಕ್ಕಳು. ಇವರ ಪಕ್ಕ ಇಟ್ಟು ನೋಡಿದರೆ ಮುಲ್ಲಾ ಎಷ್ಟು ದೊಡ್ಡವರು ಅಂತ ಗೊತ್ತಾಗುತ್ತೆ.

ಆದರೆ ನಾವು ಕಲಿಯಬೇಕಾದದ್ದು ಇನ್ನೊಂದು ಹಡಗಿನಿಂದ. 1987ರಲ್ಲಿ ಬೆಲ್ಜಿಯಂನ ಬಂದರಿನಿಂದ ಹೊರಟ ಹೆರಾಲ್ಡ್ ಆಫ್ ಫ್ರೀ ಎಂಟರ್‌ಪ್ರೈಸ್ ಎಂಬ ಫೆರ್ರಿ ಮುಂದಿನ ಬಾಗಿಲು ತೆರೆದೇ ಇದ್ದದ್ದರಿಂದ ಮಗುಚಿತು. 193 ಜನ ಸತ್ತರು. ಬಾಗಿಲು ಮುಚ್ಚಬೇಕಾದ ನೌಕರ ನಿದ್ದೆ ಹೋಗಿದ್ದ. ಅವನನ್ನು ಹಿಡಿದು ಕೇಸು ಮುಗಿಸಬಹುದಿತ್ತು. ತನಿಖೆ ಅಲ್ಲಿಗೆ ನಿಲ್ಲಲಿಲ್ಲ. ಬಾಗಿಲು ಮುಚ್ಚಿದೆಯಾ ಅಂತ ತೋರಿಸೋ ಒಂದು ದೀಪ ಬ್ರಿಡ್ಜ್‌ನಲ್ಲಿ ಹಾಕಿಸಿ ಅಂತ ಆ ಕಂಪನಿಯ ಕ್ಯಾಪ್ಟನ್‌ಗಳು ಮೊದಲೇ ಕೇಳಿದ್ದರು, ಕಚೇರಿಯಲ್ಲಿ ಕೂತವರು ಅದನ್ನು ಗೇಲಿ ಮಾಡಿ ಬದಿಗಿಟ್ಟಿದ್ದರು ಅನ್ನೋದು ಹೊರಬಂತು. ಕೊನೆಗೆ ಬಯಲಿಗೆ ನಿಂತದ್ದು ಕಂಪನಿಯ ಆಡಳಿತ. ಇಂಥ ದುರಂತಗಳ ನಂತರವೇ ಹಡಗಿನ ಸುರಕ್ಷತೆಗೆ ದಡದ ಮೇಲಿರುವ ಕಂಪನಿಯನ್ನೂ ಹೊಣೆ ಮಾಡುವ ಅಂತಾರಾಷ್ಟ್ರೀಯ ನಿಯಮ ಬಂತು. 1998ರಿಂದ ಅದು ಕಡ್ಡಾಯ.

ನಮ್ಮಲ್ಲಿ? 2013ರ ಆಗಸ್ಟ್‌ನಲ್ಲಿ ಮುಂಬೈ ಬಂದರಿನಲ್ಲೇ ಸಿಂಧುರಕ್ಷಕ್ ಜಲಾಂತರ್ಗಾಮಿ ಸಿಡಿದು 18 ಜನ ಸತ್ತರು. 2014ರ ಫೆಬ್ರವರಿ 26ರಂದು ಸಿಂಧುರತ್ನದಲ್ಲಿ ಹೊಗೆ ತುಂಬಿ ಇಬ್ಬರು ಅಧಿಕಾರಿಗಳು ಸತ್ತರು. ಅವತ್ತೇ ನೌಕಾಪಡೆ ಮುಖ್ಯಸ್ಥ ಅಡ್ಮಿರಲ್ ಡಿ.ಕೆ. ಜೋಶಿ ನೈತಿಕ ಹೊಣೆ ಹೊತ್ತು ರಾಜೀನಾಮೆ ಕೊಟ್ಟರು. ರಾಜಕೀಯದ ಕುರ್ಚಿಗಳಲ್ಲಿ ಮಾತ್ರ ಯಾರೂ ಅಲುಗಾಡಲಿಲ್ಲ.

ಘಟ್ಟದ ಈಚೆಗೂ ಇದೇ ಕಥೆ

ವಿನೋಬನಗರದಿಂದ ಸಮುದ್ರ ಅಂದರೆ ಘಟ್ಟ ಇಳಿದು ನೋಡಿ ಬರೋ ಭಾನುವಾರದ ಜಾಗ. ಆದರೆ ಖುಕ್ರಿಯ ಕಥೆ ನಮ್ಮಿಂದ ಅಷ್ಟು ದೂರದ್ದಲ್ಲ.

ಎಲ್ಲ ಹಡಗುಗಳೂ ಮುಂಬೈ ಒಂದೇ ಕಡೆ ಇರುವುದು ಅಪಾಯ ಅನ್ನೋ ಯುದ್ಧಾನಂತರದ ಪಾಠದಿಂದ ಹುಟ್ಟಿದ್ದೇ ಕಾರವಾರದ ಸೀಬರ್ಡ್ ಯೋಜನೆ. ಅದಕ್ಕಾಗಿ ಉತ್ತರ ಕನ್ನಡದ ಸಾವಿರಾರು ಕುಟುಂಬಗಳು ಮನೆ, ಗದ್ದೆ, ಮೀನುಗಾರಿಕೆಯ ದಡ ಬಿಟ್ಟುಕೊಟ್ಟವು. ಪರಿಹಾರಕ್ಕೆ ದಶಕಗಟ್ಟಲೆ ಅಲೆದವು. ಅದೇ ಕಾರವಾರಕ್ಕೆ ಬರುತ್ತಿದ್ದ ಐಎನ್‌ಎಸ್ ವಿಕ್ರಮಾದಿತ್ಯದಲ್ಲಿ 2019ರ ಏಪ್ರಿಲ್ 26ರಂದು ಬೆಂಕಿ ಬಿತ್ತು. ನಂದಿಸುವ ತಂಡವನ್ನು ಮುನ್ನಡೆಸಿದ ಲೆಫ್ಟಿನೆಂಟ್ ಕಮಾಂಡರ್ ಡಿ.ಎಸ್. ಚೌಹಾಣ್ ಹೊಗೆಯಲ್ಲಿ ಜೀವ ಬಿಟ್ಟರು. ಹಡಗು ಉಳಿಯಿತು. 2025ರ ಜೂನ್‌ನಲ್ಲಿ ಕೇರಳದ ಆಚೆ ವಾನ್ ಹೈ 503 ಕಂಟೇನರ್ ಹಡಗು ಹೊತ್ತಿ ಉರಿದಾಗ 22 ಜನರಲ್ಲಿ 18 ಜನರನ್ನು ಉಳಿಸಿ ಮಂಗಳೂರಿಗೆ ತಂದರು. ನಾಲ್ವರು ಸಿಗಲಿಲ್ಲ.

ಇನ್ನೂ ಹತ್ತಿರ ಬರೋಣ. 2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಮನೆಗಳ ಕಿಟಕಿ ಅಲುಗಾಡಿದಾಗ ಭೂಕಂಪ ಅಂದುಕೊಂಡು ಜನ ಬೀದಿಗೆ ಬಂದಿದ್ದರು. ಅದು ಹುಣಸೋಡು ಕಲ್ಲು ಕ್ವಾರಿಯ ಹತ್ತಿರ ಸ್ಫೋಟಕಗಳು ಸಿಡಿದ ಸದ್ದು. ಸತ್ತವರ ಮೈ ಗುರುತು ಹಿಡಿಯೋದೇ ಕಷ್ಟವಾಗಿತ್ತು. ಅವರಿಗೆ ಪದಕವೂ ಇಲ್ಲ, ಗುಡ್ಡದ ಮೇಲೆ ಗಾಜಿನ ಸ್ಮಾರಕವೂ ಇಲ್ಲ. ಖುಕ್ರಿಯ ಕೆಳಗಿನ ಮೆಸ್‌ನಲ್ಲಿ ರೇಡಿಯೋ ಕೇಳುತ್ತಿದ್ದ ನಾವಿಕನಿಗೂ, ಕ್ವಾರಿಯಲ್ಲಿ ಸ್ಫೋಟಕದ ಪಕ್ಕ ಇದ್ದ ಕೂಲಿಯವನಿಗೂ ಒಂದು ಸಮಾನ ಅಂಶ ಇದೆ. ತಮ್ಮ ಜೀವದ ಲೆಕ್ಕ ಹಾಕಿದ ಮೀಟಿಂಗ್‌ನಲ್ಲಿ ಇಬ್ಬರೂ ಇರಲಿಲ್ಲ.

ಸೈನಿಕರ ಹೆಸರು ಹೇಳಿಕೊಂಡು ಪ್ರಶ್ನೆ ಕೇಳುವವರ ಬಾಯಿ ಮುಚ್ಚಿಸೋದು ಈಗ ಸುಲಭದ ರಾಜಕೀಯ. ಮುಲ್ಲಾ ಅವರ ಬದುಕು ಅದಕ್ಕೆ ಒಪ್ಪಲ್ಲ. ತಪ್ಪು ಯಾರದ್ದು ಅಂತ ಸಾಕ್ಷಿ ಹಿಡಿದು ಕೇಳೋ ಮನೆಯಲ್ಲಿ ಹುಟ್ಟಿ, ಕೋರ್ಟ್ ಮಾರ್ಷಲ್‌ಗಳಲ್ಲಿ ಕಾನೂನು ಮಾತಾಡಿ, ತಮ್ಮ ಕೈಲಿದ್ದ ಹೊಣೆಯನ್ನು ಕೊನೆಯ ನಿಮಿಷದವರೆಗೂ ಮಾಡಿದ ಅಧಿಕಾರಿ ಅವರು. ತಮ್ಮ ಪಾಲಿನ ಲೆಕ್ಕವನ್ನು ಅವರು ಜೀವ ಕೊಟ್ಟು ಚುಕ್ತಾ ಮಾಡಿದರು. ಅವರಿಗಿಂತ ಮೇಲಿದ್ದವರ ಲೆಕ್ಕ ಇನ್ನೂ ಬಾಕಿ ಇದೆ. ಮುಂದಿನ ಡಿಸೆಂಬರ್ 9ಕ್ಕೆ ಮುಲ್ಲಾ ಅವರ ಫೋಟೋ ಸ್ಟೇಟಸ್ ಹಾಕುವಾಗ, ಅದರ ಕೆಳಗೆ 194 ಅನ್ನೋ ಸಂಖ್ಯೆಯನ್ನೂ ಬರೆಯಿರಿ.